‘ಉಬರ್’ ಎಂದರೆ ಉಬ್ಬರವೇ? ‘ಹತ್ತು ಮೀನು’ ಎಂದರೆ ಎಷ್ಟು?

ಪ್ರಶ್ನೆ, ಮಂಗಳೂರಿನಿಂದ:

ನಮಸ್ಕಾರ. ಹೊಳೆಮೀನಿನ ಬಗೆಗಿನ ಒಂದು ಕರಡು ತಿದ್ದುವುದಕ್ಕೆ ಬಂದಿದೆ. ಗುರುಪುರ ಹೊಳೆಯ ಬದಿಯ ಬರಹ. ಬೇಸಿಗೆಯಲ್ಲಿ ಮೊಣಗಂಟು ನೀರು, ಮಳೆಗಾಲದಲ್ಲಿ ದಡ ಮೀರುವ ಹೊಳೆ. ಅದರಲ್ಲೊಂದು ವಾಕ್ಯ: ‘ಕಾರ್ತೆಲಿನ ಮೊದಲ ಬೊಳ್ಳಕ್ಕೆ ಉಬರ್ ಬಂತೆಂದರೆ ಬೈಲಿನವರೆಲ್ಲ ರಾತ್ರಿಯಿಡೀ ಕಟ್ಟಪುಣಿಯ ಮೇಲೆಯೇ.’ ಮೊದಲು ನೋಡಿದವರು ‘ಉಬರ್’ ಹೊಡೆದು ‘ಉಬ್ಬರ’ ಮಾಡಿದ್ದಾರೆ. ಎರಡನೆಯವರು ‘ಇದು ಮೀನಿನ ಜಾತಿ ಇರಬೇಕು, ಯಾವುದೆಂದು ಹೇಳಿ’ ಎಂದು ಅಂಚಿನಲ್ಲಿ ಗೀಚಿದ್ದಾರೆ. ಮುಂದಿನ ಪುಟದಲ್ಲಿ ‘ಘಟ್ಟದವರು ಇದನ್ನೇ ಹತ್ತು ಮೀನು ಎನ್ನುತ್ತಾರೆ’ ಎಂದಿದ್ದದ್ದು ಅಚ್ಚಿನ ಮನೆಯಿಂದ ‘10 ಮೀನು’ ಆಗಿ ಬಂದಿದೆ.

ಕಾರ್ತೆಲ್ ಎಂದರೆ ಜೂನ್ ನಡುವಿಗೆ ಶುರುವಾಗುವ ತುಳು ತಿಂಗಳು, ಬೊಳ್ಳ ಎಂದರೆ ನೆರೆ, ಕಟ್ಟಪುಣಿ ಎಂದರೆ ಗದ್ದೆಯ ದೊಡ್ಡ ಬದು, ಅಷ್ಟು ಗೊತ್ತು. ಉಬರ್‌ಗೆ ಕನ್ನಡದಲ್ಲಿ ಒಂದು ಪದ ಸಿಗುತ್ತದೆಯೇ, ಇಲ್ಲ ಹಾಗೆಯೇ ಇಡಬೇಕೇ? ಓದುವವರಲ್ಲಿ ಬೆಂಗಳೂರಿನವರೂ ಬೀದರಿನವರೂ ಇರುತ್ತಾರೆ.

ಉತ್ತರ, ಉಡುಪಿಯಿಂದ:

ಉಬ್ಬರ ಅಲ್ಲ ಮಾರಾಯ್ರೆ, ಆ ತಿದ್ದುಪಡಿಯನ್ನು ಮೊದಲು ತೆಗೆಯಿರಿ. ಉಬ್ಬರ-ಇಳಿತ ಸಮುದ್ರದ ಲೆಕ್ಕ. ದಿನಕ್ಕೆ ಎರಡು ಸಲ, ನಿನ್ನೆಗಿಂತ ಇವತ್ತು ಸುಮಾರು 50 ನಿಮಿಷ ತಡವಾಗಿ, ಮಳೆ ಇರಲಿ ಬಿಡಲಿ ಬಂದೇ ಬರುತ್ತದೆ. ಉಬರ್ ಬರುವುದು ಮಳೆಗೆ, ಅದೂ ವರ್ಷಕ್ಕೆ ಬೆರಳೆಣಿಕೆಯ ರಾತ್ರಿ. ಉಪ್ಪುನೀರು ಎಂದೂ ಮುಟ್ಟದ, ಘಟ್ಟದ ಬುಡದ ತೋಡುಗಳಲ್ಲೂ ಬರುತ್ತದೆ. ಇನ್ನೂ ಒಂದು: ಉಬ್ಬರದಲ್ಲಿ ನೀರೇ ಮೇಲಕ್ಕೆ ಬರುತ್ತದೆ, ಉಬರ್‌ನಲ್ಲಿ ನೀರು ಕೆಳಕ್ಕೆ ಧುಮುಕುತ್ತಿರುತ್ತದೆ, ಮೀನು ಮೇಲಕ್ಕೆ ಬರುತ್ತದೆ. ಎರಡೂ ತಿರುಗುಮುರುಗು.

ಮೀನಿನ ಜಾತಿಯೂ ಅಲ್ಲ. ತುಳುವಿನಲ್ಲಿ ‘ಬರ್ಸ ಬತ್ತ್ಂಡ್’ (ಮಳೆ ಬಂತು) ಎಂದ ಹಾಗೆಯೇ ‘ಉಬರ್ ಬತ್ತ್ಂಡ್’ ಎನ್ನುತ್ತಾರೆ. ಕೆಲವು ಕಡೆ ಉಬೆರ್ ಎಂದೂ ಉಂಟು. ಅದೊಂದು ಘಟನೆಯ ಹೆಸರು. ಆ ಹೊತ್ತಿಗೆ ಸಿಕ್ಕಿದ ಮೀನೆಲ್ಲ ಉಬರ್ ಮೀನು: ಮುಗುಡು, ಹಾವಿನ ತಲೆಯ ಕುಚ್ಚು ಮೀನು, ಬೆರಳುದ್ದದ ಬೆಳ್ಳಿಬಣ್ಣದ ಸಣ್ಣ ಮೀನುಗಳು, ಎಲ್ಲವೂ. ಅದೇ ಮುಗುಡು ಫೆಬ್ರವರಿಯಲ್ಲಿ ಗಾಳಕ್ಕೆ ಬಿದ್ದರೆ ಬರೀ ಮುಗುಡು; ಅದನ್ನು ಯಾರೂ ಉಬರ್ ಎನ್ನುವುದಿಲ್ಲ.

ಆಗುವುದೇನೆಂದರೆ, ಮೇ ತಿಂಗಳ ಅಡ್ಡಮಳೆಯನ್ನು ಒಣಗಿದ ನೆಲವೇ ಕುಡಿದುಬಿಡುತ್ತದೆ. ಜೂನ್ ತಿಂಗಳ ಜಡಿಮಳೆಗೆ ಗದ್ದೆ ತುಂಬಿ, ಬದುವಿನ ಕಂಡಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ ಕೆಂಪು ನೀರಿನ ದಾರಿ ಒಂದಾದಾಗ ಮೀನಿಗೆ ಸುಳಿವು ಸಿಗುತ್ತದೆ. ಹೊಟ್ಟೆ ತುಂಬ ತತ್ತಿ ಹೊತ್ತ ಮೀನು ಎದುರು ನೀರಿಗೆ ಈಜಿ, ಗೇಣು ನೀರು ನಿಂತ ಗದ್ದೆಗೆ ಬಂದು ಹುಲ್ಲಿನ ನಡುವೆ ತತ್ತಿ ಬಿಡುತ್ತದೆ. ಅಲ್ಲಿ ಸೆಳೆತವಿಲ್ಲ, ದೊಡ್ಡ ಮೀನಿನ ಕಾಟ ಕಡಿಮೆ, ಮರಿಗೆ ತಿನ್ನಲು ಹುಳಹುಪ್ಪಟೆ ಬೇಕಾದಷ್ಟು. ಮುಗುಡಿಗೆ ಕಿವಿರಿನ ಜೊತೆಗೆ ಗಾಳಿಯನ್ನು ಉಸಿರಾಡುವ ಅಂಗವೂ ಇದೆ, ಒದ್ದೆ ಹುಲ್ಲಿನ ಮೇಲೆ ತೆವಳಿಕೊಂಡು ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟಬಲ್ಲದು.

ಹಿಡಿಯುವ ಕ್ರಮ ಬರೆಯುವಾಗ ಎಡವುವುದು ಸಾಮಾನ್ಯ, ಆದ್ದರಿಂದ ಸ್ವಲ್ಪ ವಿವರ. ಘಟ್ಟದ ಮೇಲೆ ಕೂಣಿ ಎನ್ನುವ ಬಿದಿರಿನ ಬುಟ್ಟಿಯ ಬಾಯಿ ಅಗಲ, ಬಾಲ ಚೂಪು. ಬಾಯೊಳಗೆ ಇನ್ನೊಂದು ಚಿಕ್ಕ ಲಾಳಿಕೆಯ ಹಾಗೆ ಬಿದಿರಿನ ಸೀಳುಗಳು ಒಳಮುಖವಾಗಿ ಬಾಗಿರುತ್ತವೆ. ಮೀನು ತಳ್ಳಿಕೊಂಡು ಒಳಗೆ ಹೋಗುತ್ತದೆ, ಹಿಂದಕ್ಕೆ ಬರಲು ಸೀಳಿನ ತುದಿಗಳು ಬಿಡುವುದಿಲ್ಲ. ಏರುವ ಮೀನಿಗೆ ಬಾಯಿ ನೀರು ಹೋಗುವ ಕಡೆಗೆ, ಅಂದರೆ ಕೆಳಕ್ಕೆ ತಿರುಗಿರಬೇಕು. ಮೇಲಕ್ಕೆ ತಿರುಗಿಸಿಟ್ಟರೆ ಮೀನಿನ ಬದಲು ತರಗೆಲೆ ತುಂಬಿ, ನೀರಿನ ಒತ್ತಡಕ್ಕೆ ಬುಟ್ಟಿಯೇ ಕಿತ್ತು ಹೋಗುತ್ತದೆ. ಎರಡು ಮೂರು ದಿನದ ಮೇಲೆ ಮಳೆ ಹೊಳವಾಗಿ ಗದ್ದೆಯ ನೀರು ಇಳಿಯತೊಡಗಿದರೆ ಮೀನು ವಾಪಸು ಹೊರಡುತ್ತದೆ. ಆಗ ಮಾತ್ರ ಬಾಯಿ ಮೇಲಕ್ಕೆ. ಬುಟ್ಟಿಯ ಎರಡೂ ಬದಿಯನ್ನು ಹುಲ್ಲುಹೆಂಟೆ ಒತ್ತಿ ಮುಚ್ಚದಿದ್ದರೆ ಮೀನು ಪಕ್ಕದಿಂದ ಜಾರುತ್ತದೆ, ತೂಕಕ್ಕೆ ಕಲ್ಲು ಹೇರದಿದ್ದರೆ ಬುಟ್ಟಿ ತೇಲುತ್ತದೆ. ರಾತ್ರಿ ಇಟ್ಟು ಬೆಳಿಗ್ಗೆ ನೋಡೋಣ ಎಂದರೆ ಇಕ್ಕಟ್ಟಿಗೆ ಸಣ್ಣ ಮೀನು ಸತ್ತಿರುತ್ತದೆ, ನೀರೊಳ್ಳೆ ಹಾವು ಒಳಗೆ ಸೇರಿ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ತಾಸಿಗೊಮ್ಮೆ ಎತ್ತಿ ನೋಡುವುದು ಕ್ರಮ. ಕತ್ತಲಲ್ಲಿ ಕೈ ಹಾಕುವ ಮೊದಲು ಬೆಳಕು ಬಿಡಿ. ಮುಗುಡಿನ ಎದೆಯ ಬದಿಯ ಮುಳ್ಳು ಚುಚ್ಚಿದರೆ ಉರಿ ಬೇಗ ಇಳಿಯುವುದಿಲ್ಲ, ಚೇಳುಮೀನಿನದಂತೂ ಹೆಸರೇ ಹೇಳುತ್ತದೆ.

‘ಮೀನು ಕಡಿಯುವುದು’ ಎಂಬ ಮಾತು ಕರಡಿನಲ್ಲಿದ್ದರೆ ಅದನ್ನು ‘ಕೊಯ್ಯುವುದು’ ಮಾಡಬೇಡಿ. ಹಿಂದೆ ಸೂಟೆ, ಈಗ ಟಾರ್ಚು ಹಿಡಿದು, ಗದ್ದೆನೀರಿನಲ್ಲಿ ಬೆಳಕಿಗೆ ಮರುಳಾಗಿ ನಿಂತ ಮೀನಿಗೆ ಕತ್ತಿಯಿಂದ ಹೊಡೆಯುವುದೇ ಕಡಿಯುವುದು. ನೀರು ಬೆಳಕನ್ನು ಬಾಗಿಸುವುದರಿಂದ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದೆ. ಕಂಡಲ್ಲಿಗೇ ಬೀಸಿದರೆ ಏಟು ಮೀನಿನ ಬೆನ್ನ ಮೇಲಿನ ನೀರಿಗೆ ಬೀಳುತ್ತದೆ, ತುಸು ತಗ್ಗಿಗೆ ಗುರಿಯಿಡಬೇಕು. ಕಾಲಿನ ಹೆಬ್ಬೆರಳು ಕಡಿದುಕೊಳ್ಳುವುದೂ ಈ ಆಟದಲ್ಲೇ. ಕಾಲಲ್ಲಿ ಗಾಯವಿದ್ದವರು ಗದ್ದೆಗೆ ಇಳಿಯದಿರುವುದು ಒಳ್ಳೆಯದು, ಇಲಿಜ್ವರ ಹಿಡಿಯುವುದು ಇಂಥ ನೀರಿನಿಂದಲೇ. ತತ್ತಿ ಹೊತ್ತ ಮೀನನ್ನೇ ಮೂಟೆಗಟ್ಟಲೆ ಹೊತ್ತು ತಂದು, ಮರುವರ್ಷ ‘ಉಬರ್ ಕಡಿಮೆಯಾಯ್ತು’ ಎನ್ನುವುದೂ ನಮ್ಮವರೇ, ಇರಲಿ.

ಉಳಿದ ಕಾಲದ ಮಾತುಗಳೂ ನೀರಿನ ಸ್ಥಿತಿಯನ್ನೇ ಹಿಡಿದುಕೊಂಡಿವೆ. ಆಟಿಯಲ್ಲಿ (ಜುಲೈ-ಆಗಸ್ಟ್) ಹೊಳೆಯ ನಡುವಿಗೆ ಯಾರೂ ಇಳಿಯುವುದಿಲ್ಲ, ದಡದ ಗಾಳ ಮಾತ್ರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಹೋಗುವುದಿಲ್ಲವಾದ್ದರಿಂದ ಹೊಳೆಮೀನಿಗೆ ಆಗ ಬೆಲೆ. ನೀರು ತಿಳಿಯಾದ ಮೇಲೆ, ಬೊಂತೆಲಿನ (ಅಕ್ಟೋಬರ್-ನವೆಂಬರ್) ಹೊತ್ತಿಗೆ, ಬೀಸುಬಲೆ. ಇದಕ್ಕೆ ಮರಳು ಹಾಸಿದ ಜಾಗವೇ ಬೇಕು. ಕಲ್ಲಿದ್ದಲ್ಲಿ ಅಂಚಿನ ಸೀಸದ ಗುಂಡು ಸಂದಿಗೆ ಸಿಕ್ಕಿ ಬಲೆ ಹರಿಯುತ್ತದೆ, ಅವಸರದಲ್ಲಿ ಎಳೆದರೆ ಅಂಚು ಎದ್ದು ಮೀನು ಅಡಿಯಿಂದ ಪಾರು. ಜಾರ್ದೆ, ಪೆರಾರ್ದೆಯಲ್ಲಿ (ನವೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ) ‘ಕಟ್ಟ’, ಅಂದರೆ ಹೊಳೆಗೆ ಅಡ್ಡವಾಗಿ ತಾತ್ಕಾಲಿಕ ಒಡ್ಡು ಕಟ್ಟಿ, ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿದ ಮೇಲೆ ಕೆಳಗಿನ ಹೊಳೆ ಬಡಕಲಾಗಿ, ಮೀನೆಲ್ಲ ‘ಕಯ’ ಸೇರುತ್ತದೆ. ಕಯ ಎಂದರೆ ಬೇಸಿಗೆಯಲ್ಲೂ ಬತ್ತದ ಆಳದ ಗುಂಡಿ, ಗ್ರಂಥದ ಕನ್ನಡದಲ್ಲಿ ಮಡು. ಅಲ್ಲಿಗೆ ನಕ್ಕುರು, ಎಂದರೆ ಎರೆಹುಳ ಸಿಕ್ಕಿಸಿದ ಗಾಳ. ಕಾರೆಕಾಯಿ ಜಜ್ಜಿ ಕಯಕ್ಕೆ ಹಾಕುವ ವಿಷಯ ಕರಡಿನಲ್ಲಿ ಬಂದರೆ, ನೀರಿಗೆ ವಿಷ ಹಾಕಿ ಮೀನು ಹಿಡಿಯುವುದು 1897ರ ಕಾಯಿದೆಯಿಂದಲೇ ಅಪರಾಧ ಎಂದು ಒಂದು ಸಾಲು ಸೇರಿಸಿ. ಕಪಿಲಾ ಹೊಳೆಯ ಶಿಶಿಲದಲ್ಲಿ 1996ರಲ್ಲಿ ವಿಷಪ್ರಾಶನಕ್ಕೆ ಸತ್ತ ದೇವರ ಮೀನುಗಳಿಗೆ ಸ್ಮಾರಕವೇ ಇದೆ. ಅಂದಹಾಗೆ ‘ದೇವರ ಮೀನು’ ಕೂಡ ಜಾತಿಯ ಹೆಸರಲ್ಲ. ಅದು ಮಹಶೀರ್; ದೇವಸ್ಥಾನದ ಎದುರಿನ ನೀರಿನಲ್ಲಿರುವವರೆಗೆ ದೇವರದು.

ಹೊಳೆ ತೀರಾ ತೆಳುವಾದಾಗ, ಮೇ ನಡುವಿನ ಸಂಕ್ರಮಣಕ್ಕೆ, ಚೇಳಾಯರಿನ ಖಂಡಿಗೆಯಲ್ಲಿ ನಂದಿನಿ ಹೊಳೆಗೆ ಊರಿಗೆ ಊರೇ ಇಳಿದು ಮೀನು ಹಿಡಿಯುತ್ತದೆ. ‘ಎರ್ಮಾಳು ಜಪ್ಪು, ಖಂಡೇವು ಅಡೆಪು’ ಎಂಬ ತುಳು ಗಾದೆಯ ಖಂಡೇವು ಇದೇ. ಜಾತ್ರೆಗಳ ಕಾಲ ಎರ್ಮಾಳಿನಲ್ಲಿ ಶುರುವಾಗಿ ಇಲ್ಲಿ ಮುಗಿಯುತ್ತದೆ. ಅಲ್ಲಿ ಹಿಡಿದದ್ದು ಉಬರ್ ಅಲ್ಲ, ಇನ್ನೂ ಮಳೆ ಬಂದಿಲ್ಲವಲ್ಲ.

ಆದ್ದರಿಂದ ‘ಉಬರ್’ ಹಾಗೆಯೇ ಇರಲಿ. ಮೊದಲ ಸಲ ಬಂದಲ್ಲಿ ‘ಉಬರ್ ಬಂತೆಂದರೆ, ಗದ್ದೆಗೆ ಮೀನು ಏರತೊಡಗಿತೆಂದರೆ’ ಎಂದು ವಾಕ್ಯದೊಳಗೇ ಬಿಡಿಸಿ. ಬೀದರಿನವರಿಗೂ ತಿಳಿಯುತ್ತದೆ.

ಇನ್ನೊಂದು ಉತ್ತರ, ಹೆಬ್ರಿ ಕಡೆಯಿಂದ:

ಹತ್ತರ ಬಗ್ಗೆ ಮಾತ್ರ. ಆಗುಂಬೆ ಘಾಟಿ ಹತ್ತಿದರೆ ತೀರ್ಥಹಳ್ಳಿ ಸೀಮೆಯಲ್ಲಿ ಇದೇ ಸಂಗತಿಗೆ ಹತ್ತುಮೀನು. ಹತ್ತುವ ಮೀನು ಹತ್ತುಮೀನು: ಸುಡುವ ಕಾಡು ಸುಡುಗಾಡು, ಕಡೆಯುವ ಕೋಲು ಕಡೆಗೋಲು ಆದ ಹಾಗೆ ಗಮಕ ಸಮಾಸ. ಬೀಸುಬಲೆಯೂ ಇದೇ ಸಾಲಿನದು. ಕೂಡಿಸಿ ಬರೆದರೆ ಗಮಕ, ಬಿಡಿಸಿ ಬರೆದರೆ ಓದುವವನಿಗೆ ಲೆಕ್ಕ. ತಪ್ಪು ಅಚ್ಚಿನ ಮನೆಯವರದ್ದಲ್ಲ, ನಡುವೆ ಜಾಗ ಬಿಟ್ಟವರದ್ದು. ಕರಡಿನುದ್ದಕ್ಕೂ ಕೂಡಿಸಿಬಿಡಿ, ‘ಹತ್ತುಮೀನು ಹತ್ತು ಸಿಕ್ಕಿತು’ ಎಂಬ ವಾಕ್ಯ ಬಂದರೂ ತೊಂದರೆಯಿಲ್ಲ.

ಮಂಗಳೂರಿನಿಂದ ಮತ್ತೆ:

ಇಬ್ಬರಿಗೂ ಉಪಕಾರವಾಯಿತು. ಉಬರ್ ಉಳಿಯಿತು, 10 ಹೋಯಿತು. ಈಗ ನೋಡಿದರೆ ಕರಡಿನಲ್ಲಿ ‘ಮೊದಲ ರಾತ್ರಿ ಕೂಣಿಯ ಬಾಯಿ ಮೇಲಕ್ಕಿಟ್ಟು’ ಎಂದಿದೆ. ಬರೆದವರಿಗೆ ಫೋನು ಮಾಡಿ ಕೇಳಬೇಕು, ಅದು ಮೊದಲ ರಾತ್ರಿಯೋ ಮೂರನೆಯದೋ ಎಂದು.