ಒಂದೇ ಸ್ಪೋರ್ಟ್ಸ್ ಕಾರು, ಮ್ಯಾನುಯಲ್‌ಗೂ ಆಟೋಮ್ಯಾಟಿಕ್‌ಗೂ ಪವರ್ ಬೇರೆ ಯಾಕೆ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಹುಡುಕ್ತಿದ್ದೇನೆ. ಕೆಲವು ಮಾಡೆಲ್‌ಗಳಲ್ಲಿ ಆಟೋಮ್ಯಾಟಿಕ್‌ಗೆ ಪವರ್ ಕಡಿಮೆ ಅಂತ ಬರೆದಿದೆ. ಇಂಜಿನ್ ಒಂದೇ ಅಲ್ವಾ? ಓಡಿಸಿದವರು ಹೇಳಿ.

ಉತ್ತರ: ಹೆಸರು ಒಂದೇ ಇದ್ದರೂ ಇಂಜಿನ್ ಒಂದೇ ಇರಬೇಕು ಅಂತೇನಿಲ್ಲ. 1997ರ ಹೋಂಡಾ ಎನ್‌ಎಸ್‌ಎಕ್ಸ್ ನೋಡಿ. ಅಮೆರಿಕದಲ್ಲಿ ಮಾರಿದ ಗಾಡಿಗಳಲ್ಲಿ ಮ್ಯಾನುಯಲ್‌ಗೆ 3.2 ಲೀಟರ್ ಇಂಜಿನ್, 290 ಎಚ್‌ಪಿ. ಆಟೋಮ್ಯಾಟಿಕ್‌ಗೆ ಹಳೆಯ 3.0 ಲೀಟರ್ ಇಂಜಿನ್ನೇ ಉಳಿಯಿತು, 252 ಎಚ್‌ಪಿ. 2010ರ ಶೆವರ್ಲೆ ಕಮಾರೊ ಎಸ್‌ಎಸ್‌ನಲ್ಲಿ ಎರಡೂ 6.2 ಲೀಟರ್ ವಿ8. ಆದರೆ ಮ್ಯಾನುಯಲ್ 426, ಆಟೋಮ್ಯಾಟಿಕ್ 400. ಆಟೋಮ್ಯಾಟಿಕ್‌ನ ಇಂಜಿನ್‌ನಲ್ಲಿ ಪೆಟ್ರೋಲ್ ಉಳಿಸಲು ನಾಲ್ಕು ಸಿಲಿಂಡರ್ ಆಫ್ ಮಾಡುವ ವ್ಯವಸ್ಥೆ ಇದೆ, ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುವ ಪ್ರಮಾಣ) ಕೂಡ ಸ್ವಲ್ಪ ಕಡಿಮೆ.

ಉತ್ತರ: ಈಗಿನ ಕೆಲವು ಗಾಡಿಗಳಲ್ಲಿ ಈ ಲೆಕ್ಕ ತಿರುಗಿದೆ. ಈಗಿನ ಪೀಳಿಗೆಯ ಬಿಎಂಡಬ್ಲ್ಯು ಎಂ3 ಬಂದಾಗ ಮ್ಯಾನುಯಲ್‌ನಲ್ಲಿ 473 ಎಚ್‌ಪಿ, 550 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಎಂಟು ಗೇರಿನ ಆಟೋಮ್ಯಾಟಿಕ್ ಇರುವ ಎಂ3 ಕಾಂಪಿಟಿಷನ್ ಮಾಡೆಲ್‌ನಲ್ಲಿ 503 ಎಚ್‌ಪಿ, 650 ನ್ಯೂಟನ್ ಮೀಟರ್.

ಉತ್ತರ: ಸುಮ್ನೆ ಎಚ್‌ಪಿ ಒಂದನ್ನೇ ನೋಡಬೇಡಿ. ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಟೊಯೋಟಾ ಜಿಆರ್86ರಲ್ಲಿ ಎರಡಕ್ಕೂ 228. ಆದರೂ ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ಮ್ಯಾನುಯಲ್‌ಗೆ 6.1 ಸೆಕೆಂಡ್, ಆಟೋಮ್ಯಾಟಿಕ್‌ಗೆ 6.6. ಅದೇ ಕಂಪನಿಯ ಟರ್ಬೊ ಇರುವ 3.0 ಲೀಟರ್ ಸುಪ್ರಾ ನೋಡಿ. ಎರಡಕ್ಕೂ 382, ಆದರೆ ಅಲ್ಲಿ ಆಟೋಮ್ಯಾಟಿಕ್ಕೇ ಮುಂದೆ: 3.9 ಸೆಕೆಂಡ್, ಮ್ಯಾನುಯಲ್‌ಗೆ 4.2. ನಾನು ಟರ್ಬೊ ಇಲ್ಲದ ಚಿಕ್ಕ ಸ್ಪೋರ್ಟ್ಸ್ ಕಾರನ್ನು ಎರಡೂ ಗೇರ್‌ಬಾಕ್ಸ್‌ನಲ್ಲಿ ಓಡಿಸಿದ್ದೇನೆ. ಅಂಥ ಇಂಜಿನ್‌ನ ಜೀವ ಇರುವುದು ಮೇಲಿನ ಆರ್‌ಪಿಎಂನಲ್ಲಿ. ಆಟೋಮ್ಯಾಟಿಕ್ ಬೇಗ ಮೇಲಿನ ಗೇರಿಗೆ ಹೋಗಿಬಿಡುತ್ತದೆ, ಆಗ ಗಾಡಿ ಮಂಕಾಗುತ್ತದೆ. ಟರ್ಬೊ ಇದ್ದರೆ ಕೆಳಗಿನಿಂದಲೇ ಟಾರ್ಕ್ ಸಿಗುತ್ತದೆ, ಆಟೋಮ್ಯಾಟಿಕ್ ಚೆನ್ನಾಗಿ ಹೊಂದುತ್ತದೆ. ನನ್ನ ಮಟ್ಟಿಗೆ ಇದು 10-15 ಎಚ್‌ಪಿ ವ್ಯತ್ಯಾಸಕ್ಕಿಂತ ಮುಖ್ಯ. ಟೆಸ್ಟ್ ಡ್ರೈವ್‌ನಲ್ಲಿ ಸ್ಪೋರ್ಟ್ ಮೋಡ್ ಹಾಕಿ, ಮೂರನೇ ಗೇರಿನಲ್ಲಿ ಎಳೆದು ನೋಡಿ.

ಉತ್ತರ: ಮಾರುವವರು ಡೈನೋ (ಗಾಡಿಯ ಪವರ್ ಅಳೆಯುವ ಯಂತ್ರ) ರಿಪೋರ್ಟ್ ತೋರಿಸಿದರೆ ಗಮನಿಸಿ. ಕಂಪನಿ ಹೇಳುವುದು ಇಂಜಿನ್‌ನಲ್ಲಿ ಅಳೆದ ಪವರ್. ಡೈನೋ ಸಾಮಾನ್ಯವಾಗಿ ಅಳೆಯುವುದು ಚಕ್ರಕ್ಕೆ ಮುಟ್ಟಿದ್ದನ್ನು, ಅದು ಯಾವಾಗಲೂ ಕಡಿಮೆ. ಆಟೋಮ್ಯಾಟಿಕ್‌ನಲ್ಲಿ ಇಂಜಿನ್ನನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ಜೋಡಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದಿದ್ದರೆ ಇನ್ನೂ ಕಡಿಮೆ ಬರುತ್ತದೆ. ಅಷ್ಟಕ್ಕೇ ಇಂಜಿನ್ ಸುಸ್ತಾಗಿದೆ ಅಂದುಕೊಳ್ಳಬೇಡಿ.

ಉತ್ತರ: ಮಾಜ್ದಾ ಆರ್‌ಎಕ್ಸ್-8 ನೋಡುವುದಾದರೆ ತುಂಬಾ ಹುಷಾರು. ಅಮೆರಿಕದ 2004ರ ಮಾಡೆಲ್‌ನಲ್ಲಿ ಮ್ಯಾನುಯಲ್‌ನ ರೋಟರಿ ಇಂಜಿನ್‌ಗೆ ಗಾಳಿ ಎಳೆಯಲು ಆರು ಪೋರ್ಟ್, ರೆಡ್‌ಲೈನ್ (ಇಂಜಿನ್ ತಿರುಗಬಹುದಾದ ಗರಿಷ್ಠ ಆರ್‌ಪಿಎಂ) 9,000. ಆಟೋಮ್ಯಾಟಿಕ್‌ಗೆ ನಾಲ್ಕೇ ಪೋರ್ಟ್, ರೆಡ್‌ಲೈನ್ 7,500, ಪವರ್ 197 ಎಚ್‌ಪಿ. ಆಟೋಮ್ಯಾಟಿಕ್ ಗಾಡಿಗೆ ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಿ ಮಾರುವವರೂ ಇದ್ದಾರೆ. ಗೇರ್‌ಬಾಕ್ಸ್ ಬದಲಾದರೂ ಒಳಗಿರುವುದು ಅದೇ ನಾಲ್ಕು ಪೋರ್ಟಿನ ಇಂಜಿನ್. ಚಾಸಿ ನಂಬರ್ ಕೊಟ್ಟು, ಕಾರ್ಖಾನೆಯಿಂದ ಯಾವ ಗೇರ್‌ಬಾಕ್ಸ್ ಜೊತೆ ಬಂದಿತ್ತು ಅಂತ ಡೀಲರ್ ಹತ್ತಿರ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.