ಪದಚರ್ಚೆ: ಸಿನಿಮಾದ ‘ವೈಟ್‌ವಾಶಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಿಜಕತೆ ಆಧರಿಸಿದ ಹಾಲಿವುಡ್ ಚಿತ್ರಗಳಲ್ಲಿ ಏಷ್ಯಾ ಮೂಲದವರ ಪಾತ್ರ ಬಿಳಿಯರ ಪಾಲಾಗುವ ರೂಢಿಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡನೇ ಸಾಲಿಗೇ ಗಾಡಿ ನಿಂತಿದೆ. ಇಂಗ್ಲಿಷಿನವರು ಇದನ್ನು ‘ವೈಟ್‌ವಾಶಿಂಗ್’ ಎನ್ನುತ್ತಾರೆ. ಅದನ್ನೇ ನಮ್ಮ ಲಿಪಿಯಲ್ಲಿ ಇಳಿಸಿ ಅಕ್ಕನ ಮಗನಿಗೆ ಓದಲು ಕೊಟ್ಟೆ. “ಯಾರು ಸೋತಿದ್ದು ಮಾವ?” ಅಂದ. ಅವನ ತಪ್ಪೇನಿಲ್ಲ. 2024ರಲ್ಲಿ ನ್ಯೂಜಿಲೆಂಡ್‌ನವರು ಬಂದು ಟೆಸ್ಟ್ ಸರಣಿಯನ್ನು 3-0 ಗೆದ್ದುಕೊಂಡು ಹೋದಾಗ ನಮ್ಮ ಪತ್ರಿಕೆಗಳೆಲ್ಲ ಬರೆದದ್ದು ಇದೇ ಪದ. ಕನ್ನಡದ ಮಟ್ಟಿಗೆ ‘ವೈಟ್‌ವಾಶ್’ ಕ್ರಿಕೆಟ್ಟಿಗೆ ಬರೆದುಕೊಟ್ಟ ಆಸ್ತಿ.

ಹಗರಣ ಮುಚ್ಚಿಹಾಕುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದವಿದೆ. ಅಲ್ಲಿ ನಮಗೆ ಚಿಂತೆಯಿಲ್ಲ, ‘ತಿಪ್ಪೆ ಸಾರಿಸುವುದು’ ಎಂದರೆ ಮುಗಿಯಿತು. ವಾಸನೆ ಸಮೇತ ಅರ್ಥವಾಗುತ್ತದೆ. ತೊಡಕಿರುವುದು ಸಿನಿಮಾದ ಅರ್ಥದಲ್ಲಿ.

ನನ್ನ ಲೇಖನದ ಮುಖ್ಯ ಉದಾಹರಣೆ 2008ರ ‘21’. ಅಮೆರಿಕದ ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ವಿದ್ಯಾರ್ಥಿಗಳು ಇಸ್ಪೀಟಿನ ಎಲೆ ಲೆಕ್ಕಹಾಕಿ ಲಾಸ್ ವೇಗಸ್‌ನ ಕ್ಯಾಸಿನೊಗಳಿಂದ ದುಡ್ಡು ಬಾಚಿದ ಕತೆ. ಬೆನ್ ಮೆಜ್ರಿಕ್ ಬರೆದ ಪುಸ್ತಕದ ನಾಯಕನಿಗೆ ಮೂಲ ಜೆಫ್ ಮಾ ಎಂಬ ಚೀನೀ ಮೂಲದ ಅಮೆರಿಕನ್. ಚಿತ್ರದಲ್ಲಿ ನಾಯಕ ಬೆನ್ ಕ್ಯಾಂಪ್‌ಬೆಲ್ ಎಂಬ ಬಿಳಿ ಹುಡುಗನಾದ, ನಟಿಸಿದ್ದು ಇಂಗ್ಲೆಂಡಿನ ಜಿಮ್ ಸ್ಟರ್ಜೆಸ್. ಏಷ್ಯಾ ಮೂಲದ ಇಬ್ಬರು ತಂಡದಲ್ಲಿದ್ದಾರೆ, ಪಕ್ಕದಲ್ಲಿ. ನನಗೆ ಇದು ಬರೀ ಪ್ರಾತಿನಿಧ್ಯದ ತಕರಾರಾಗಿ ಕಾಣುವುದಿಲ್ಲ. ಎಳೆಯ ಬಿಳಿ ಹುಡುಗನೊಬ್ಬ ಕಂತೆಗಟ್ಟಲೆ ಡಾಲರ್ ಹಿಡಿದು ಕೂತರೆ ಕ್ಯಾಸಿನೊದವರಿಗೆ ಅನುಮಾನ ಬರುತ್ತದೆ. ಏಷ್ಯಾದ ಮುಖವಾದರೆ ಯಾರೋ ಶ್ರೀಮಂತರ ಮಗ ಎಂದು ಸುಮ್ಮನಾಗುತ್ತಾರೆ ಎನ್ನುವುದು ಪುಸ್ತಕದಲ್ಲೇ ಬರುವ ಮಾತು. ಅಂದರೆ ಆ ಮುಖವೇ ಆಟದ ಒಂದು ಎಲೆ. ಚಿತ್ರದವರು ಅದನ್ನೇ ಎಸೆದು ಆಡಿದರು.

ಈಗ ಪದಕ್ಕೆ ಬರೋಣ. ‘ಸುಣ್ಣ ಬಳಿಯುವುದು’ ಎಂದರೆ ಹೇಗೆ? ಚಿಕ್ಕಂದಿನಲ್ಲಿ ನಮ್ಮ ಮನೆಗೆ ಹಬ್ಬದ ಮುಂಚೆ ಸುಣ್ಣ ಹೊಡೆಯುತ್ತಿದ್ದರು. ಹಿಂದಿನ ರಾತ್ರಿ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಡ್ರಮ್ಮು ಕೊತಕೊತ ಕುದಿಯುತ್ತಿತ್ತು, ಹತ್ತಿರ ಹೋದವರಿಗೆ ಬೈಗುಳ. ಬೆಳಿಗ್ಗೆ ಸೋಸಿ, ಬಿಳುಪು ಎದ್ದು ಕಾಣಲೆಂದು ಚಿಟಿಕೆ ನೀಲಿ ಬೆರೆಸುತ್ತಿದ್ದರು. ಬಳಿದಾಗ ಗೋಡೆಯೆಲ್ಲ ಹೊಸದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೂಲೆಯಲ್ಲಿ ಕೆಮ್ಮಣ್ಣು ಇಣುಕುತ್ತಿತ್ತು. ‘21’ರಲ್ಲೂ ಹೀಗೊಂದು ಇಣುಕುನೋಟವಿದೆ: ಪ್ಲಾನೆಟ್ ಹಾಲಿವುಡ್ ಕ್ಯಾಸಿನೊದಲ್ಲಿ ನಾಯಕನಿಗೆ ಎಲೆ ಹಂಚುವ ಡೀಲರ್ ಆಗಿ ಸ್ವತಃ ಜೆಫ್ ಮಾ ಬಂದು ಹೋಗುತ್ತಾರೆ. ತನ್ನ ಕತೆಯಲ್ಲಿ ತಾನೇ ಎಲೆ ಹಂಚುವವ!

ಜೊತೆಗೆ ‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ’ ಎಂಬ ಮಾತು ಇರುವುದರಿಂದ ಪಕ್ಷಪಾತದ ಛಾಯೆಯೂ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಸುಣ್ಣಕ್ಕೆ ಹಬ್ಬದ ಕಳೆಯೂ ಇದೆಯಲ್ಲ. ‘ಜೆಫ್ ಮಾ ಕತೆಗೆ ಸುಣ್ಣ ಬಳಿದರು’ ಎಂದರೆ ಓದುಗರಿಗೆ ಅದು ದೂರೆಂದು ಹೊಳೆಯುತ್ತದೆಯೇ?

ಅಂದಹಾಗೆ, ಜೆಫ್ ಮಾ ಅವರೇ ಅಷ್ಟೇನೂ ಬೇಸರಪಟ್ಟುಕೊಂಡಿರಲಿಲ್ಲ. ಏಷ್ಯಾದವನೊಬ್ಬ ಇದ್ದರಾಯಿತೆಂದು ಜಪಾನಿಯನ್ನೋ ಕೊರಿಯನ್ನನನ್ನೋ ಹಾಕಿದ್ದರೆ ತನಗೆ ಹೆಚ್ಚು ಅವಮಾನವಾಗುತ್ತಿತ್ತು ಎಂದಿದ್ದರು.

ಇನ್ನೊಂದು ಗೊಂದಲ. ಸಯಾಮಿನ (ಇಂದಿನ ಥಾಯ್ಲೆಂಡ್) ರಾಜ ಮೊಂಗ್‌ಕುಟ್ ಪಾತ್ರವನ್ನು 1946ರ ಹಾಲಿವುಡ್ ಚಿತ್ರವೊಂದರಲ್ಲಿ ಇಂಗ್ಲಿಷ್ ನಟ ರೆಕ್ಸ್ ಹ್ಯಾರಿಸನ್ ಮಾಡಿದರು. ಅಲ್ಲಿ ರಾಜ ಸಯಾಮಿನವನಾಗಿಯೇ ಉಳಿದ, ಮುಖಕ್ಕೆ ಬಣ್ಣ ಬಿತ್ತು ಅಷ್ಟೆ. ‘21’ರಲ್ಲಿ ಮುಖಕ್ಕೆ ಬಣ್ಣವಿಲ್ಲ, ಮನುಷ್ಯನನ್ನೇ ಬದಲಿಸಿದ್ದಾರೆ. ಇವೆರಡರ ನಡುವಿನದೂ ಒಂದಿದೆ. ಗ್ಲಾಡಿಸ್ ಐಲ್ವರ್ಡ್ ಎಂಬ ಮಿಷನರಿಯ ಜೀವನ ಆಧರಿಸಿದ 1958ರ ಚಿತ್ರದಲ್ಲಿ ಚೀನಾದ ಸೇನಾಧಿಕಾರಿಯ ಪಾತ್ರ ಜರ್ಮನಿಯಲ್ಲಿ ಹುಟ್ಟಿದ ಕರ್ಟ್ ಯೂರ್ಗೆನ್ಸ್‌ಗೆ ಹೋಯಿತು. ಮುಖಕ್ಕೆ ಸಮಜಾಯಿಷಿ ಬೇಕಲ್ಲ, ಪಾತ್ರವನ್ನು ಅರ್ಧ ಡಚ್ ಮಾಡಿದರು. ಅರ್ಧ ಗೋಡೆಗೆ ಸುಣ್ಣ. ಇಂಗ್ಲಿಷಿನಲ್ಲಿ ಮೂರನ್ನೂ ಒಂದೇ ಚೀಲಕ್ಕೆ ತುಂಬುವುದುಂಟು. ನಾವೂ ತುಂಬಬೇಕೇ?

ನಾನು ತೂಗಿ ನೋಡಿದ ಉಳಿದ ಪದಗಳು ಇಷ್ಟು. ‘ಶ್ವೇತೀಕರಣ’ ಸರ್ಕಾರಿ ಯೋಜನೆಯ ಹಾಗೆ ಕೇಳುತ್ತದೆ. ‘ಬಿಳಿಚಿಸು’ ಎಂದರೆ ಹೆದರಿಸಿದ ಹಾಗಾಗುತ್ತದೆ. ‘ಬಣ್ಣ ಹಚ್ಚು’ ಎಂದರೆ ನಮ್ಮಲ್ಲಿ ಸುಮ್ಮನೆ ನಟಿಸು ಎಂದಷ್ಟೇ, ಅದರಲ್ಲಿ ಆಕ್ಷೇಪವಿಲ್ಲ. ‘ಬಿಳಿ ಮಾಡು’ ಸರಳವಾಗಿದೆ. ಆದರೆ ಲೇಖನದ ಕೊನೆಗೆ 2014ರ ‘ಮೇರಿ ಕೋಮ್’ ಬರುತ್ತದೆ. ಮಣಿಪುರದ ಬಾಕ್ಸರಿನ ಪಾತ್ರಕ್ಕೆ ಪ್ರಿಯಾಂಕಾ ಚೋಪ್ರಾ. ಈಶಾನ್ಯದ ನಟಿಯೊಬ್ಬರೂ ಸಿಗಲಿಲ್ಲವೇ ಎಂದು ಆಗ ಕೇಳಿದವರು ಬಹಳ. ಅನ್ಯಾಯದ ಜಾತಿ ಅದೇ, ಆದರೆ ಅಲ್ಲಿ ಬಿಳಿಯರೇ ಇಲ್ಲ. ಹಾಗಾಗಿ ‘ಅರ್ಥಪಲ್ಲಟ’ದ ಜಾಡಿನಲ್ಲಿ ‘ಮುಖಪಲ್ಲಟ’ ಎಂದು ಕಟ್ಟಿಕೊಂಡಿದ್ದೇನೆ. ಬರೆದ ಮೇಲೆ ನನಗೇ ಸ್ವಲ್ಪ ಭಾರ ಅನ್ನಿಸಿತು.

ಯಕ್ಷಗಾನ ಬಲ್ಲವರಲ್ಲಿ ಒಂದು ಕೇಳಿಕೆ: ಒಬ್ಬರಿಗೆ ಸಲ್ಲಬೇಕಾದ ವೇಷವನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಅದಕ್ಕೆ ಏನಾದರೂ ಆಡುಮಾತು ಇದೆಯೇ? ಇದ್ದರೆ ಶುಕ್ರವಾರದೊಳಗೆ ತಿಳಿಸಿ. ಸಂಪಾದಕರು ಎರಡು ಸಲ ಫೋನ್ ಮಾಡಿಯಾಯಿತು.