ಇಂಗ್ಲೆಂಡಿನ ಕಾರನ್ನು ಊರಿಗೆ ತರಬಹುದೇ? ಒಂದು ಚರ್ಚೆ

ಕೋಟೇಶ್ವರದವ:
ಎಂಟು ವರ್ಷ ಇಂಗ್ಲೆಂಡಿನ ಡರ್ಬಿಯಲ್ಲಿದ್ದು, ಈ ಏಪ್ರಿಲ್‌ನಲ್ಲಿ (2026) ಸಂಸಾರ ಸಮೇತ ಊರಿಗೆ ಮರಳುತ್ತಿದ್ದೇವೆ. ನಮ್ಮಲ್ಲಿ ಒಂದು ಟೊಯೋಟಾ ಕೊರೊಲಾ ಹೈಬ್ರಿಡ್ ಎಸ್ಟೇಟ್ (ಹಿಂದೆ ಸಾಮಾನಿಗೆ ಉದ್ದನೆಯ ಜಾಗವಿರುವ ಕಾರು) ಇದೆ. 2023ರ ಜೂನ್‌ನಲ್ಲಿ ನೋಂದಣಿಯಾದದ್ದು, ಇಲ್ಲೇ ಹತ್ತಿರದ ಬರ್ನಾಸ್ಟನ್ ಕಾರ್ಖಾನೆಯಲ್ಲಿ ತಯಾರಾದದ್ದು. ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಇದರಲ್ಲಿಯೇ. ಸ್ಟೀರಿಂಗ್ ಬಲಕ್ಕಿದೆ, ಇಲ್ಲಿಯೂ ರಸ್ತೆಯ ಎಡಬದಿಯಲ್ಲೇ ಓಡಿಸುತ್ತಾರೆ. ಹಾಗಾಗಿ ತಕರಾರು ಇರಲಾರದು ಎಂದುಕೊಂಡಿದ್ದೆ. ಇಲ್ಲಿನ ಸಾಗಣೆ ಏಜೆಂಟನೊಬ್ಬ, ಮನೆ ಸಾಮಾನಿನ ಜೊತೆ ಕಂಟೇನರಿನಲ್ಲಿ ಹಾಕೋಣ, ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ (ವಿದೇಶದಿಂದ ಮನೆ ಬದಲಿಸಿ ಬರುವವರಿಗಿರುವ ಸುಂಕ ರಿಯಾಯಿತಿ) ಅಡಿಯಲ್ಲಿ ಸುಂಕವೇ ಬೀಳುವುದಿಲ್ಲ, ಮಂಗಳೂರು ಬಂದರಿನಲ್ಲೇ ಇಳಿಸಿಕೊಡುತ್ತೇನೆ ಎನ್ನುತ್ತಿದ್ದಾನೆ. ಮುಂಗಡವನ್ನೂ ಕೇಳಿದ್ದಾನೆ. ತಂದ ಅನುಭವ ಯಾರಿಗಾದರೂ ಇದೆಯೇ?

ಡೊಂಬಿವಲಿ ಕನ್ನಡಿಗ:
ಮುಂಗಡ ಕೊಡಬೇಡಿ. ನಾನು ಮುಂಬೈಯಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ಲಿಯರಿಂಗ್, ಅಂದರೆ ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಕೆಲಸದಲ್ಲಿದ್ದೇನೆ. ಆ ಮನುಷ್ಯ ಒಂದೇ ಉಸಿರಿಗೆ ಎರಡು ಸುಳ್ಳು ಹೇಳಿದ್ದಾನೆ. ಮನೆ ಬದಲಿಸಿ ಬರುವವರಿಗೆ ಫ್ರಿಜ್ಜು, ವಾಷಿಂಗ್ ಮಷೀನು ಇತ್ಯಾದಿಗೆ ರಿಯಾಯಿತಿ ಇದೆ, ಕಾರಿಗೆ ಇಲ್ಲ. ಇನ್ನು ಬಳಸಿದ ಕಾರು ಭಾರತದೊಳಗೆ ಬರುವುದು ಮುಂಬೈ ಬಂದರಿನ ಮೂಲಕ ಮಾತ್ರ. ಮಂಗಳೂರಿನ ಪಣಂಬೂರು ಬಂದರಿನಲ್ಲಿ ಅದನ್ನು ಇಳಿಸಿದರೆ ಕಸ್ಟಮ್ಸ್‌ನವರು ಮುಟ್ಟುಗೋಲು ಹಾಕಿಕೊಳ್ಳುತ್ತಾರೆ, ಅಷ್ಟೇ.

ಉಳಿದ ಷರತ್ತುಗಳು: ತಯಾರಾಗಿ ಮೂರು ವರ್ಷ ದಾಟಿರಬಾರದು. ಸ್ಟೀರಿಂಗ್ ಬಲಕ್ಕಿರಬೇಕು. ಹೆಡ್‌ಲೈಟಿನ ಬೆಳಕು ಎಡಬದಿ ಸಂಚಾರಕ್ಕೆ ಹೊಂದಬೇಕು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ತೋರಿಸಬೇಕು. ನಿಮ್ಮದು ಮೈಲಿಯಲ್ಲಿರುತ್ತದೆ, ಅದನ್ನು ಈಗಲೇ ನೋಡಿ. ಹಡಗು ಹತ್ತುವ ಮೊದಲು ಅಲ್ಲಿ ತಪಾಸಣೆಯ ಪ್ರಮಾಣಪತ್ರ, ಇಳಿದ ಮೇಲೆ ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಇನ್ನೊಂದು ಪರೀಕ್ಷೆ. ಇದೆಲ್ಲಕ್ಕಿಂತ ಜನ ಮರೆಯುವ ಷರತ್ತು ಇದು: ಕಾರು ಬಂದ ದಿನದಿಂದ ಐದು ವರ್ಷ ರಸ್ತೆಯಲ್ಲಿ ಓಡುವ ಸ್ಥಿತಿಯಲ್ಲಿರುತ್ತದೆ, ಆ ಐದು ವರ್ಷ ದೇಶದೊಳಗೆ ಅದಕ್ಕೆ ಸರ್ವಿಸ್ ಸಿಗುತ್ತದೆ ಎಂದು ನೀವೇ ಬರೆದುಕೊಡಬೇಕು. ಕೊರೊಲಾ ಭಾರತದಲ್ಲಿ ಮಾರಾಟ ನಿಂತು ವರ್ಷಗಳಾದವು. ಆ ಎಸ್ಟೇಟ್ ಹೈಬ್ರಿಡ್ ಅಂತೂ ಇಲ್ಲಿಗೆ ಬಂದೇ ಇಲ್ಲ. ಬಿಡಿಭಾಗ ಯಾರು ಕೊಡುತ್ತಾರೆ?

ಕೋಟೇಶ್ವರದವ:
ಷರತ್ತುಗಳನ್ನು ಹೇಗಾದರೂ ಪೂರೈಸೋಣ. ದುಡ್ಡು ಎಷ್ಟಾಗಬಹುದು ಸರ್? ಇಲ್ಲಿ ಮಾರಿದರೆ ಅರ್ಧಕ್ಕೆ ಕೇಳುತ್ತಿದ್ದಾರೆ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಡೊಂಬಿವಲಿ ಕನ್ನಡಿಗ:
ಕೈಯಲ್ಲಿ ನೀರಿನ ಲೋಟ ಇಟ್ಟುಕೊಂಡು ಓದಿ. ನಿಮ್ಮ ನೆರೆಯವರು ಕೇಳುವ ಅರ್ಧ ಬೆಲೆಯನ್ನು ಕಸ್ಟಮ್ಸ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಸದರ ಕಾರ್ಖಾನೆ ಬೆಲೆಯನ್ನು ಹಿಡಿದು, ವಯಸ್ಸಿಗೆ ತಕ್ಕ ಸವಕಳಿ ಕಳೆದು, ಹಡಗಿನ ಬಾಡಿಗೆ ಮತ್ತು ವಿಮೆ ಸೇರಿಸುತ್ತಾರೆ. ಅದು 20 ಲಕ್ಷ ಎಂದಿಟ್ಟುಕೊಳ್ಳೋಣ. ಬಳಸಿದ ಕಾರಿಗೆ ಮೂಲ ಸುಂಕ ಶೇ 70, ಕೃಷಿ ಮೂಲಸೌಕರ್ಯ ಸೆಸ್ ಶೇ 67.5, ಕೂಡಿದರೆ 137.5. ಅಂದರೆ 27.5 ಲಕ್ಷ. ಈಗ ಕಾರು 47.5 ಲಕ್ಷದ್ದಾಯಿತು. ಅದರ ಮೇಲೆ ಶೇ 40 ಜಿಎಸ್‌ಟಿ, 19 ಲಕ್ಷ. ಬಂದರಿನ ಗೇಟು ದಾಟುವಾಗ 66.5 ಲಕ್ಷ.

2025ರ ಬಜೆಟ್ಟಿನಲ್ಲಿ ಬಳಸಿದ ಕಾರಿನ ಸುಂಕ 125ರಿಂದ 70ಕ್ಕೆ ಇಳಿಯಿತು ಎಂಬ ಸುದ್ದಿ ಓದಿ ಎಷ್ಟೋ ಮಂದಿ ನನಗೆ ಫೋನು ಮಾಡಿದರು. ಇಳಿದದ್ದನ್ನು ಸೆಸ್ ರೂಪದಲ್ಲಿ ಮತ್ತೆ ಏರಿಸಿದ್ದನ್ನು ಯಾರೂ ಓದಿರಲಿಲ್ಲ.

ನಿವೃತ್ತ ಗುಮಾಸ್ತ:
ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಆರ್‌ಟಿಒ ಲೆಕ್ಕವನ್ನೂ ಬರೆಯಿರಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಸುಂಕವೂ ಸೇರಿದ 66.5 ಲಕ್ಷದ ಮೇಲೆ ಹಾಕಿದರೆ ಸುಮಾರು 12 ಲಕ್ಷ, ತೆರಿಗೆಯ ಮೇಲಿನ ಸೆಸ್ ಬೇರೆ. ಇಪ್ಪತ್ತು ಲಕ್ಷದ ಕಾರಿಗೆ ಎಂಬತ್ತರ ಹತ್ತಿರ ಸುರಿದಂತಾಯಿತು. ಮೂಗಿಗಿಂತ ಮೂಗುತಿ ಭಾರ. ಪುದುಚೇರಿಯಲ್ಲಿ ನೋಂದಣಿ ಮಾಡಿಸಿದರೆ ಅಗ್ಗ ಎಂದು ಯಾರಾದರೂ ಕಿವಿಯಲ್ಲಿ ಊದುತ್ತಾರೆ; ಬೆಂಗಳೂರಿನಲ್ಲಿ ಅಂಥ ಕಾರುಗಳನ್ನು ಸಾರಿಗೆ ಇಲಾಖೆಯವರು ಸಾಲುಸಾಲಾಗಿ ಹಿಡಿದಿದ್ದಾರೆ.

ಸ್ಕೈಲೈನ್ ಪ್ರೇಮಿ, ಹುಬ್ಬಳ್ಳಿ:
ಇದು ಕಾನೂನೋ ದರೋಡೆಯೋ? ಜಪಾನಿನಲ್ಲಿ ಸುಸ್ಥಿತಿಯ ಹಳೆಯ ಕಾರುಗಳು ಹರಾಜಿಗೆ ಬರುತ್ತವೆ. ನನ್ನ ಕನಸಿನ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಆರ್34 ಬಲಬದಿ ಸ್ಟೀರಿಂಗಿನದೇ, ಕಿಲೋಮೀಟರಿನದೇ. ಆದರೆ ಅದು ತಯಾರಾದದ್ದು 1999ರಿಂದ 2002ರವರೆಗೆ. ಮೂರು ವರ್ಷದ ನಿಯಮಕ್ಕೆ ಅದು ಎಂದೋ ಸತ್ತು ಹೋಗಿದೆ. ಕೊಳ್ಳುವವನು ನಾನು, ಸುಂಕ ಕಟ್ಟುವವನು ನಾನು, ಸರ್ಕಾರಕ್ಕೆ ಏನು ನಷ್ಟ?

ಟೆಕ್ಸಾಸ್ ತುಮಕೂರು:
ನಿಮ್ಮ ಸಂಕಟ ನೋಡಿ ನಗು ಬರುತ್ತಿದೆ, ಕ್ಷಮಿಸಿ. ಅಮೆರಿಕದಲ್ಲಿ ಇದರ ತದ್ವಿರುದ್ಧ. ಇಲ್ಲಿ ಹೊಸದಾದಷ್ಟೂ ಕಷ್ಟ, ಹಳೆಯದಾದರೆ ಸಲೀಸು. ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ತಯಾರಾಗದ ವಿದೇಶಿ ಕಾರಿಗೆ 25 ವರ್ಷ ತುಂಬಿದ ಮೇಲೆ ಆ ಮಾನದಂಡ ಅನ್ವಯಿಸುವುದಿಲ್ಲ. ಹೊಗೆಯ ನಿಯಮಕ್ಕೆ 21 ವರ್ಷ ಸಾಕು. ನಾನು 1994ರ ಸುಜುಕಿ ಕ್ಯಾರಿ ಪುಟ್ಟ ಟ್ರಕ್ಕನ್ನು ಜಪಾನಿನಿಂದ ತರಿಸಿದೆ. ಎಚ್‌ಎಸ್-7 ಎಂಬ ಒಂದು ಫಾರಂ, 3520-1 ಎಂಬ ಇನ್ನೊಂದು, ಮುಗಿಯಿತು. ನೋಂದಣಿಯ ರಗಳೆ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದವರು ಹೊಗೆಯ ವಿಷಯದಲ್ಲಿ ಜಗ್ಗುವುದಿಲ್ಲ. ಹಳೆಯ ಕಾರನ್ನು ಪ್ರೀತಿಸುವವನು ಸಾವಿರ ಕಾರು ತಂದು ಮಾರುಕಟ್ಟೆ ಕೆಡಿಸುವುದಿಲ್ಲ ಎಂಬುದು ಈ ನಿಯಮದ ಹಿಂದಿನ ನಂಬಿಕೆ ಇರಬೇಕು. ಭಾರತ ಅಷ್ಟನ್ನಾದರೂ ನಂಬಬಹುದಿತ್ತು.

ನಿವೃತ್ತ ಗುಮಾಸ್ತ:
ನಂಬಲಿಕ್ಕೆ ಆಗದ ಕಾಲವೊಂದಿತ್ತು. 2001ರ ಏಪ್ರಿಲ್ 1ರಂದು ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ ಆಮದಿನ ಪ್ರಮಾಣ ನಿರ್ಬಂಧಗಳೆಲ್ಲ ತೆರವಾದವು. ಆ ಪಟ್ಟಿಯಲ್ಲಿ ಹಳೆಯ ಕಾರೂ ಇತ್ತು. ಜಪಾನಿನ ಸವೆದ ಕಾರುಗಳು ರಾಶಿ ರಾಶಿ ಬಂದು ಬೀಳುತ್ತವೆ ಎಂಬ ಭಯ ಆಗ ಎಲ್ಲೆಡೆ ಇತ್ತು. ಬಾಗಿಲು ಮುಚ್ಚಲು ಒಪ್ಪಂದ ಬಿಡಲಿಲ್ಲ, ಹೊಸ್ತಿಲು ಎತ್ತರಿಸಿದರು. ಮೂರು ವರ್ಷ, ಒಂದೇ ಬಂದರು, ಭಾರೀ ಸುಂಕ, ಎಲ್ಲವೂ ಆ ಹೊಸ್ತಿಲೇ. ಬಿಡದಿ, ಚೆನ್ನೈ, ಪುಣೆಯ ಕಾರ್ಖಾನೆಗಳಲ್ಲಿ ಎಷ್ಟು ಮನೆಗಳ ಒಲೆ ಉರಿಯುತ್ತದೆ ಎಂಬುದನ್ನೂ ಹುಬ್ಬಳ್ಳಿಯ ತಮ್ಮ ಯೋಚಿಸಲಿ.

ದೇರಾ ದುಬೈ:
ಒಲೆಯ ಮಾತು ಸರಿ ರಾಯರೇ, ಆದರೆ ಹೊಸ್ತಿಲು ಎಲ್ಲರಿಗೂ ಒಂದೇ ಎತ್ತರವಿಲ್ಲ. 2018ರಲ್ಲಿ ನಿಯಮ ಬದಲಿಸಿ, ಕಂಪನಿಗಳು ವರ್ಷಕ್ಕೆ 2,500 ವಾಹನಗಳವರೆಗೆ ಭಾರತದಲ್ಲಿ ಹೋಮೊಲೊಗೇಶನ್ ಪರೀಕ್ಷೆ (ಮಾದರಿಯು ದೇಶದ ಮಾನದಂಡಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಮಾಡಿಸದೆ ತರಬಹುದು ಎಂದರು; ಯುರೋಪು, ಜಪಾನಿನ ಮಾನದಂಡ ಪಾಸಾಗಿದ್ದರೆ ಸಾಕು. ಕಂಪನಿಯ ಹೊಸ ಕಾರಿಗೆ ಯುರೋಪಿನ ಚೀಟಿ ನಡೆಯುತ್ತದೆ, ಕೋಟೇಶ್ವರದ ಮನುಷ್ಯನ ಒಂದು ಕಾರು ಪುಣೆಗೆ ಹೋಗಿ ಪರೀಕ್ಷೆ ಬರೆಯಬೇಕು.

ಶಾಶ್ವತವಾಗಿ ತರುವ ಆಸೆ ಬಿಟ್ಟರೆ ಕಾರ್ನೆಟ್, ಅಂದರೆ ಸುಂಕ ಕಟ್ಟದೆ ಕಾರನ್ನು ತಾತ್ಕಾಲಿಕವಾಗಿ ತರಲು ಬಿಡುವ ದಾಖಲೆ ಪುಸ್ತಕ, ಎಂಬ ದಾರಿ ಇದೆ. ನಾನು ಹಾಗೆ ತಂದಿದ್ದೆ. ದುಬೈಯ ಆಟೊಮೊಬೈಲ್ ಕ್ಲಬ್ಬಿನಲ್ಲಿ ಠೇವಣಿ ಇಟ್ಟು ಪುಸ್ತಕ ಪಡೆದು, ಕೊಚ್ಚಿಯಲ್ಲಿ ಇಳಿಸಿ, ಆರು ತಿಂಗಳೊಳಗೆ ವಾಪಸು ಕಳಿಸಬೇಕು. ಅರಬ್ಬಿ ನಂಬರ್ ಪ್ಲೇಟಿನ ಕಾರುಗಳನ್ನು ಕೇರಳದಲ್ಲಿ ನೋಡಿರುತ್ತೀರಿ, ಅವೆಲ್ಲ ಹಾಗೆಯೇ. ಸ್ಟೀರಿಂಗ್ ಎಡಕ್ಕಿದ್ದುದರಿಂದ ತಲಪಾಡಿ ಟೋಲಿನಲ್ಲಿ ಹಣ ಕೊಡುವ ಕೆಲಸ ಹೆಂಡತಿಯದು. ಬಸ್ಸನ್ನು ಹಿಂದಿಕ್ಕುವಾಗ ಅವಳು ಬಲಗಿಟಕಿಯಿಂದ ಕತ್ತು ಚಾಚಿ "ಲಾರಿ ಬರುತ್ತಿದೆ, ಬೇಡ, ಬೇಡ, ಈಗ ಹೋಗಿ" ಎನ್ನಬೇಕು. ಬೈಂದೂರು ಮುಟ್ಟುವಷ್ಟರಲ್ಲಿ ಇಬ್ಬರಿಗೂ ಮಾತು ನಿಂತಿತ್ತು.

ಸ್ಕೈಲೈನ್ ಪ್ರೇಮಿ, ಹುಬ್ಬಳ್ಳಿ:
ಎಡಬದಿ ಸ್ಟೀರಿಂಗಿಗೆ ನಿಷೇಧವೇ ಇಲ್ಲವಲ್ಲ! ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಓದಿ. ಸಂಕೇತ ತೋರಿಸುವ ಸಾಧನ ಇದ್ದರೆ ಓಡಿಸಬಹುದು ಎಂದಿದೆ. ಇಂಡಿಕೇಟರ್ ಇಲ್ಲದ ಕಾರು ಯಾವುದಿದೆ?

ಮೈಸೂರಿನ ವಕೀಲೆ:
ಓದಿದ್ದೀರಿ, ಸಂತೋಷ. ಆದರೆ ಅದು ರಸ್ತೆಯಲ್ಲಿ ಓಡಿಸುವುದರ ಮಾತು, ದೇಶದೊಳಗೆ ತರುವುದರ ಮಾತಲ್ಲ. ಆಮದಿನ ಷರತ್ತನ್ನು ಹಾಕುವುದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅದು ಬಲಬದಿ ಎಂದು ಸ್ಪಷ್ಟವಾಗಿ ಹೇಳಿದೆ. ಈ ಎರಡು ಬಾಗಿಲುಗಳನ್ನು ಒಂದೇ ಎಂದುಕೊಂಡು ಹೋದವರೇ ನನ್ನ ಕಚೇರಿಗೆ ಬರುವುದು. ಷರತ್ತು ಮೀರಿ ತಂದರೆ ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 111(ಡಿ) ಪ್ರಕಾರ ಮುಟ್ಟುಗೋಲು. 125ನೇ ಸೆಕ್ಷನ್ ಅಡಿಯಲ್ಲಿ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಕೊಟ್ಟರೂ ಕೊಡಬಹುದು. ಆ ದಂಡ ಸುಂಕದ ಮೇಲೆ ಹೆಚ್ಚುವರಿ. ಅಷ್ಟರಲ್ಲಿ ಬಂದರಿನ ಬಾಡಿಗೆ ದಿನದಿನಕ್ಕೆ ಏರುತ್ತಿರುತ್ತದೆ.

ಎಡಬದಿಯದನ್ನು ಬಲಬದಿಗೆ ಮಾರ್ಪಡಿಸುತ್ತೇನೆ ಎನ್ನುವವರಿಗೂ ಒಂದು ಮಾತು: ತಯಾರಕರು ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 52ನೇ ಸೆಕ್ಷನ್ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿದಿದೆ.

ಸ್ಕೈಲೈನ್ ಪ್ರೇಮಿ, ಹುಬ್ಬಳ್ಳಿ:
ಹಾಗಾದರೆ ಭೂತಾನದಿಂದ ರಸ್ತೆಯ ಮೇಲೆ ಬರುವ ಕಾರುಗಳು? ನನಗೆ ಪರಿಚಿತರೊಬ್ಬರು ಹಿಮಾಚಲದ ನಂಬರಿನ ಲ್ಯಾಂಡ್ ಕ್ರೂಸರ್ ಕೊಡಿಸುತ್ತೇನೆ ಎಂದರು. ಕಾಗದಪತ್ರ ಎಲ್ಲ ಇದೆಯಂತೆ.

ಡೊಂಬಿವಲಿ ಕನ್ನಡಿಗ:
ತಮ್ಮಾ, ಆ ಪರಿಚಿತರ ಫೋನು ಎತ್ತಬೇಡ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು "ಆಪರೇಷನ್ ನುಮ್ಖೋರ್" ಎಂದು ಮನೆಮನೆ ಹೊಕ್ಕು ಕಾರು ಹುಡುಕಿದ್ದು ಇದಕ್ಕೇ. ನುಮ್ಖೋರ್ ಎಂದರೆ ಭೂತಾನದ ಭಾಷೆಯಲ್ಲಿ ವಾಹನ. ಸುಂಕ ತಪ್ಪಿಸಿ ಗಡಿ ದಾಟಿಸಿ, ಸುಳ್ಳು ದಾಖಲೆಯ ಮೇಲೆ ನೋಂದಣಿ ಮಾಡಿಸಿದ್ದಾರೆ ಎಂಬುದು ಅವರ ಆರೋಪ. ಪ್ರಸಿದ್ಧ ನಟರ ಮನೆಗಳನ್ನೂ ಬಿಡಲಿಲ್ಲ. ನೀನು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರುತ್ತಾರೆ. ಕೊನೆಗೆ ಕಾರು ಸಿಕ್ಕಿಬೀಳುವುದು ಯಾರ ಅಂಗಳದಲ್ಲಿದೆಯೋ ಅವರದು.

ಟೆಕ್ಸಾಸ್ ತುಮಕೂರು:
ಹುಬ್ಬಳ್ಳಿಯವರಿಗೆ ನ್ಯಾಯವಾದ ಒಂದು ಕಿಂಡಿ ಇದೆಯಲ್ಲ. 50 ವರ್ಷ ದಾಟಿದ ವಿಂಟೇಜ್ ಕಾರಿಗೆ ಈಗ ಆಮದು ಪರವಾನಗಿ ಬೇಡ ಎಂದು 2025ರಲ್ಲಿ ಬದಲಾಯಿಸಿದ್ದಾರೆ. ಮೊದಲು 1950ಕ್ಕಿಂತ ಹಿಂದಿನದಾಗಿರಬೇಕಿತ್ತು.

ನಿವೃತ್ತ ಗುಮಾಸ್ತ:
ಹೌದು, ನೋಂದಣಿಗೂ 2021ರಿಂದ ಪ್ರತ್ಯೇಕ ನಿಯಮ ಇದೆ. ನಂಬರಿನಲ್ಲಿ ವಿಎ ಎಂಬ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸುಂಕ ತಪ್ಪುತ್ತದೆ ಎಂದುಕೊಳ್ಳಬೇಡಿ.

ಸ್ಕೈಲೈನ್ ಪ್ರೇಮಿ, ಹುಬ್ಬಳ್ಳಿ:
1999ಕ್ಕೆ 50 ಸೇರಿಸಿದರೆ 2049. ಆಗ ನನಗೆ 47. ಕಾಯುತ್ತೇನೆ.

ಕೋಟೇಶ್ವರದವ:
ನಗಬೇಡಿ, ನನ್ನ ಲೆಕ್ಕಕ್ಕೆ ಬನ್ನಿ. ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈನಲ್ಲಿ ಸಹಿ ಬಿತ್ತಲ್ಲ, ಕಾರಿನ ಸುಂಕ ಶೇ 10ಕ್ಕೆ ಇಳಿಯುತ್ತದೆ ಎಂದು ಇಲ್ಲಿನ ಪತ್ರಿಕೆಗಳಲ್ಲಿ ಬಂದಿತ್ತು. ಬರ್ನಾಸ್ಟನ್ ಬ್ರಿಟನ್ನಿನಲ್ಲೇ ಇದೆ. ಅಷ್ಟಕ್ಕೂ ಜೂನ್‌ವರೆಗೆ ನನಗೆ ಸಮಯವಿದೆ.

ಡೊಂಬಿವಲಿ ಕನ್ನಡಿಗ:
ಅದು ಕಂಪನಿಗಳು ಕೋಟಾದೊಳಗೆ ತರುವ ಹೊಸ ಕಾರುಗಳ ಮಾತು, ಅದೂ ವರ್ಷದಿಂದ ವರ್ಷಕ್ಕೆ ಇಳಿಯುವಂಥದ್ದು. ನಿಮ್ಮ ಮಗಳು ಬಿಸ್ಕತ್ತು ಚೆಲ್ಲಿದ ಕಾರಿಗೆ ಅಲ್ಲ.

ಇನ್ನು ಜೂನ್ ಎಂದಿರಿ. ಜೂನ್ ನಿಮ್ಮ ನೋಂದಣಿ. ಮೂರು ವರ್ಷ ಎಣಿಸುವುದು ತಯಾರಾದ ದಿನದಿಂದ. ಮಾರುವವರ ಅಂಗಳದಲ್ಲಿ ಅದು ಎಷ್ಟು ತಿಂಗಳು ನಿಂತಿತ್ತೋ ಯಾರು ಬಲ್ಲರು? ಕಂಪನಿಯಿಂದ ತಯಾರಿಕೆಯ ದಿನಾಂಕದ ಪತ್ರ ತರಿಸಿ. ಅದು ಬರುವವರೆಗೆ ಒಂದು ಕೆಲಸ ಮಾಡಿ: ಚಾಲಕನ ಸೀಟಿನ ಬೆಲ್ಟನ್ನು ಕೊನೆಯವರೆಗೆ ಹೊರಗೆ ಎಳೆಯಿರಿ. ಬುಡದಲ್ಲಿ ಹೊಲಿದ ಬಟ್ಟೆಯ ಚೀಟಿಯಿರುತ್ತದೆ, ಅದರ ಮೇಲೆ ಬೆಲ್ಟ್ ತಯಾರಾದ ತಿಂಗಳು. ಕಾರು ಅದರ ಕೆಲವು ವಾರಗಳ ನಂತರದ್ದು ಎಂದುಕೊಳ್ಳಬಹುದು. ಕಚೇರಿಯಲ್ಲಿ ಇದು ಸಾಕ್ಷಿಯಾಗುವುದಿಲ್ಲ, ನಿಮ್ಮ ಮನಸ್ಸಿಗೆ ಗೊತ್ತಾಗುತ್ತದೆ.

ದೇರಾ ದುಬೈ:
ಇಪ್ಪತ್ತೆರಡು ವರ್ಷದ ಅನುಭವ ಎಂದರೆ ಇದು. ಕೋಟೇಶ್ವರದವರೇ, ಏನಾದರೂ ಕಂಡಿತೇ?

ಕೋಟೇಶ್ವರದವ:
ಈಗಷ್ಟೇ ಮಳೆಯಲ್ಲಿ ಹೋಗಿ ಎಳೆದು ನೋಡಿ ಬಂದೆ. ಚೀಟಿಯ ಮೇಲೆ ಡಿಸೆಂಬರ್ 2022 ಎಂದಿದೆ. ಕಾರು ಜನವರಿಯಲ್ಲೋ ಫೆಬ್ರುವರಿಯಲ್ಲೋ ತಯಾರಾಗಿರಬೇಕು. ಏಪ್ರಿಲ್‌ಗೆ ಮೂರು ದಾಟಿರುತ್ತದೆ.

ಏಜೆಂಟನಿಗೆ ಬೇಡ ಎಂದು ಬರೆದೆ. ಹಾಗಾದರೆ ಕಂಪನಿಯಿಂದ ಜೂನ್ ಎಂಬ ಪತ್ರ ನಾನೇ ಮಾಡಿಸಿಕೊಡುತ್ತೇನೆ, 200 ಪೌಂಡ್ ಕೊಡಿ ಎಂದು ಎರಡೇ ನಿಮಿಷದಲ್ಲಿ ಉತ್ತರ ಬಂತು.

ಮೈಸೂರಿನ ವಕೀಲೆ:
ಆ ಉತ್ತರವನ್ನು ಅಳಿಸಬೇಡಿ. ಪತ್ರವನ್ನಂತೂ ಮುಟ್ಟಲೇಬೇಡಿ.

ನಿವೃತ್ತ ಗುಮಾಸ್ತ:
ಕಾರನ್ನು ಅಲ್ಲೇ ಮಾರಿ, ಮಗುವಿನ ಸೀಟನ್ನು ಸಾಮಾನಿನ ಜೊತೆ ತನ್ನಿ. ಊರಿನಲ್ಲಿ ಕೊಳ್ಳುವ ಕಾರಿಗೆ ಬೇಕಾಗುತ್ತದೆ.